ಬೋರ್ಡಿನ ಕೊನೆಯ ಹೆಸರು

ಫೆಬ್ರವರಿ 9

ಏನೆಂದು ಕರೆದು ಶುರು ಮಾಡಲಿ ಎಂದು ತಿಳಿಯದೆ ಮೂರು ಹಾಳೆ ಹರಿದು ಹಾಕಿದೆ. ಇದು ನಾಲ್ಕನೆಯದು. ಇದರಲ್ಲಿ ಕರೆಯದೆಯೇ ಶುರು ಮಾಡಿಬಿಡುತ್ತೇನೆ.

ನಾನು ಚೂಟಿ. ಆಸ್ಪತ್ರೆಯ ಲಾಂಡ್ರಿಯಲ್ಲಿ ನಿನ್ನ ಪಕ್ಕದ ಮೇಜಿನವಳು. ನೀನು ಕೆಲಸ ಬಿಟ್ಟು ಹನ್ನೆರಡು ವರ್ಷವಾಯಿತು, ಒಂದು ದಿನವೂ ನಾನು ನಿನ್ನನ್ನು ಹುಡುಕಿಕೊಂಡು ಬರಲಿಲ್ಲ. ಮೊನ್ನೆ ಬಸ್ಸಿನಲ್ಲಿ ನಿನ್ನ ತಮ್ಮ ಸಿಕ್ಕಿದ. ನಿನ್ನ ಫೋನ್ ನಂಬರ್ ಕೇಳಿದೆ. 'ಅಕ್ಕನ್ನ ಕೇಳದೆ ಕೊಡಲ್ಲ. ಬೇಕಾದ್ರೆ ವಿಳಾಸ ಕೊಡ್ತೀನಿ. ಕಾಗದ ಆದ್ರೆ ಅವಳು ಓದದೇ ಹರಿದು ಹಾಕಬಹುದು' ಅಂದ. ನ್ಯಾಯವಾದ ಮಾತೇ.

ಶಿಳ್ಳೆ ಸರ್ ನಿವೃತ್ತರಾದರು. ಯಂತ್ರಗಳ ಸದ್ದಿನಲ್ಲಿ ಕೂಗಿ ಗಂಟಲು ಕೆಡಿಸಿಕೊಳ್ಳುವುದೇಕೆ ಎಂದು ಶಿಳ್ಳೆ ಊದುತ್ತಿದ್ದರಲ್ಲ, ಅವರೇ. ಅವರ ಗಾಜಿನ ಕೋಣೆಯಲ್ಲಿ ಈಗ ನಾನು ಕೂರುತ್ತೇನೆ. ಹೌದು, ಮೇಲ್ವಿಚಾರಕಿ. ನಗು ಬಂದರೆ ನಕ್ಕುಬಿಡು.

ಮೂರು ತಿಂಗಳ ಹಿಂದೆ ವಿಂಗಡಣೆಗೆ, ನಿನ್ನ ಹಳೆಯ ಮೇಜಿಗೇ, ಒಬ್ಬರು ಹೊಸದಾಗಿ ಸೇರಿದರು. ವಯಸ್ಸು ಐವತ್ತು ದಾಟಿದೆ. ಮೊದಲು ದರ್ಜಿಯಾಗಿದ್ದವರು, ಅಂಗಡಿ ನಡೆಯದೆ ಇಲ್ಲಿಗೆ ಬಂದಿದ್ದಾರೆ. ವಾರ್ಡುಗಳಿಂದ ಬಂದ ಗಂಟು ಬಿಚ್ಚಿ, ಒಂದೊಂದು ಹೊದಿಕೆಯನ್ನೂ ಬಿಡಿಸಿ ನೋಡಿ ಬುಟ್ಟಿಗೆ ಹಾಕುತ್ತಾರೆ. ಥೇಟ್ ನಿನ್ನ ಹಾಗೆ. ಮದುವೆ ಮೆರವಣಿಗೆಯಷ್ಟು ನಿಧಾನ ಅಂತ ಇಲ್ಲಿನವರು ಅವರಿಗೆ 'ಮದುಮಗ' ಎಂದು ಹೆಸರಿಟ್ಟಿದ್ದಾರೆ. ಇಸ್ತ್ರಿ ರೋಲರಿನ ಹತ್ತಿರ ನಿಂತ ಗುಡುಗಮ್ಮ (ಎಂಟು ವರ್ಷದ ಹಿಂದೆ ಸೇರಿದವಳು, ನಿನಗೆ ಗೊತ್ತಿಲ್ಲ) 'ಮದುಮಗ ಬರ್ತಿದ್ದಾನೆ, ದಾರಿ ಬಿಡ್ರೋ!' ಎಂದು ಕೂಗಿದರೆ ಲಾಂಡ್ರಿಗೆ ಲಾಂಡ್ರಿಯೇ ನಗುತ್ತದೆ. ಅವರ ಕೈಗವಸು ಬಚ್ಚಿಡುವುದು, ಊಟದ ಚೀಲಕ್ಕೆ ಒದ್ದೆ ಟವೆಲು ತುರುಕುವುದು, ಎಲ್ಲ ನಡೆಯುತ್ತಿದೆ. ಹೋದ ವಾರ ಅವರ ಕನ್ನಡಕ ಕಾಣೆಯಾಯಿತು. ಆಮೇಲೆ ತೊಳೆಯುವ ಯಂತ್ರದಿಂದ, ದಿಂಬಿನ ಕವರುಗಳ ಜೊತೆಗೆ, ಒಂದು ಕಡ್ಡಿ ಮುರಿದುಕೊಂಡು ಹೊರಗೆ ಬಂತು. ಅವರು ಅದನ್ನು ಅಂಗಿಯ ಚುಂಗಿನಿಂದ ಒರೆಸಿ, 'ಸದ್ಯ, ಕಣ್ಣು ಅದರ ಜೊತೆ ಹೋಗಿರಲಿಲ್ಲ' ಅಂದರು. ಆ ಮಾತಿಗೂ ನಕ್ಕರು.

ನಾನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬೈದೆ. ಎರಡು ದಿನ ತೆಪ್ಪಗಿದ್ದರು. ಮೂರನೆಯ ದಿನದಿಂದ ದರ್ಜಿಯವರ ಜೊತೆ ಯಾರೂ ಮಾತಾಡುತ್ತಿಲ್ಲ. ಬೈದು ನಾನೇ ಅವರನ್ನು ಒಂಟಿ ಮಾಡಿದೆ.

ನನ್ನನ್ನು ಕೊರೆಯುತ್ತಿರುವುದು ಒಂದೇ. ನಿನ್ನನ್ನು ಗೋಳು ಹೊಯ್ದುಕೊಂಡವರಲ್ಲಿ ಈಗ ಇಲ್ಲಿ ಉಳಿದಿರುವುದು ನಾನೊಬ್ಬಳೇ. ಇವರಲ್ಲಿ ಯಾರೂ ನಿನ್ನನ್ನು ಕಂಡವರಲ್ಲ, ನಿನ್ನ ವಿಷಯ ಕೇಳಿದವರೂ ಅಲ್ಲ. ಆದರೂ ಅದೇ ಕೈಗವಸು, ಅದೇ ಒದ್ದೆ ಟವೆಲು. ಇವರಿಗೆ ಯಾರು ಕಲಿಸಿಕೊಟ್ಟರು?

ನಿನ್ನನ್ನು ಒಣಗಿಸುವ ಕೋಣೆಯಲ್ಲಿ ಕೂಡಿಹಾಕಿದ ದಿನದ ಬಗ್ಗೆ ನಾನು ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಯಾರು ಚಿಲಕ ಹಾಕಿದರು ಎಂಬುದು ಕೊನೆಗೂ ಗೊತ್ತಾಗಲಿಲ್ಲ. ನನ್ನನ್ನು ಕ್ಷಮಿಸು. ದರ್ಜಿಯವರಿಗೆ ನಾನು ಏನು ಮಾಡಬೇಕು, ಅದನ್ನೂ ಹೇಳು.

ಇಂತಿ,
ಚೂಟಿ

———

ಫೆಬ್ರವರಿ 27

ಚೂಟಿ,

ಕಾಗದ ತಲುಪಿತು. ಓದಿದೆ. ಹರಿದು ಹಾಕಲಿಲ್ಲ.

ನಿನಗೆ ಬೇಕಾದದ್ದು ಕ್ಷಮೆಯೋ ಸಲಹೆಯೋ? ಎರಡನ್ನೂ ಒಂದೇ ಲಕೋಟೆಯಲ್ಲಿ ಕೇಳಬೇಡ. ಕ್ಷಮೆ ಬೇಕಾದರೆ ಯಾವುದಕ್ಕೆ ಎಂದು ಬರಿ. 'ಯಾರು ಚಿಲಕ ಹಾಕಿದರು ಎಂಬುದು ಗೊತ್ತಾಗಲಿಲ್ಲ' ಎಂಬ ಸಾಲನ್ನು ನಾನು ಎರಡು ಸಲ ಓದಿದೆ.

ಆ ದರ್ಜಿಯವರ ಕನ್ನಡಕ ಮೊದಲು ರಿಪೇರಿ ಮಾಡಿಸು.

ನೀವೆಲ್ಲ 'ಆಮೆ' ಎಂದು ಕರೆಯುತ್ತಿದ್ದವಳು

———

ಏಪ್ರಿಲ್ 3

ಅಕ್ಕಾ,

ನಿನ್ನ ಕಾಗದ ಒಂದು ತಿಂಗಳಿಂದ ನನ್ನ ಕೈಚೀಲದಲ್ಲೇ ಇದೆ. ದಿನಾ ತೆಗೆದು ನೋಡುವುದು, ಮಡಿಸಿ ಇಡುವುದು. ಇವತ್ತು ರಜೆ. ಮನೆಯಲ್ಲಿ ಯಾರೂ ಇಲ್ಲ. ಬರೆದುಬಿಡುತ್ತೇನೆ.

ಆ ವಾರ ನಮಗೆ ಮೂರು ದಿನ ಟೀ ವಿರಾಮ ಸಿಕ್ಕಿರಲಿಲ್ಲ, ನೆನಪಿದೆಯಾ? ವಿಂಗಡಣೆ ತಡವಾದರೆ ಯಂತ್ರ ಅರ್ಧ ಖಾಲಿ ಓಡುತ್ತದೆ, ದಿನಕ್ಕೆ ಗೊತ್ತುಮಾಡಿದ ಬಟ್ಟೆಯ ಸಂಖ್ಯೆ ಮುಟ್ಟುವುದಿಲ್ಲ. ಸಂಖ್ಯೆ ಮುಟ್ಟದಿದ್ದರೆ ಎಲ್ಲರ ವಿರಾಮವೂ ರದ್ದು. ಶಿಳ್ಳೆ ಸರ್ ಯಾರನ್ನೂ ಒಂದು ಮಾತು ಬೈದವರಲ್ಲ. ಬೋರ್ಡಿನಲ್ಲಿ ಹತ್ತು ಹೆಸರು ವೇಗದ ಪ್ರಕಾರ ಬರೆದು, ಕೊನೆಯ ಹೆಸರಿನ ಕೆಳಗೆ ಕೆಂಪು ಗೆರೆ ಎಳೆದು ಗಾಜಿನ ಕೋಣೆಗೆ ಹೋಗಿಬಿಡುತ್ತಿದ್ದರು. ಬೈಯುವ ಕೆಲಸ ನಮಗೆ ಬಿಟ್ಟಿದ್ದರು. ಈಗ ಅದೇ ಬೋರ್ಡು ನಾನು ಬರೆಯುತ್ತೇನೆ.

ಮನೆಯಲ್ಲಿ ನನ್ನ ಮಗಳಿಗೆ ಜ್ವರ. ಎರಡು ವರ್ಷದ ಕೂಸು, ಅತ್ತೆಯ ಹತ್ತಿರ ಬಿಟ್ಟು ಬಂದಿದ್ದೆ. ಕೆಲಸದ ಹೊತ್ತಿನಲ್ಲಿ ಎಲ್ಲರ ಫೋನೂ ಬೀಗದ ಪೆಟ್ಟಿಗೆಯಲ್ಲಿ, ವಿರಾಮ ಕೊಟ್ಟರೆ ತಾನೇ ಮುಟ್ಟುವುದು! ನಾಲ್ಕನೆಯ ದಿನವೂ ವಿರಾಮ ಇಲ್ಲ ಎಂದಾಗ ನನಗೆ ಜ್ವರದ ಮೇಲೆ ಸಿಟ್ಟು ಬರಲಿಲ್ಲ, ಬೋರ್ಡಿನ ಮೇಲೂ ಬರಲಿಲ್ಲ. ನಿನ್ನ ಮೇಲೆ ಬಂತು. ನಿನ್ನ ಹೆಸರು ಎದುರಿಗೇ ಇತ್ತು, ಕೆಂಪು ಗೆರೆಯ ಮೇಲೆ.

ನೀನು ಟವೆಲುಗಳನ್ನು ತರಲು ಒಣಗಿಸುವ ಕೋಣೆಯ ಒಳಗೆ ಹೋದೆ. ಹಿಂದಿನಿಂದ ಯಾರೋ 'ಹಾಕೇ ಚಿಲಕ' ಅಂದರು. ಯಾರು ಅಂದರು ಎಂಬುದು ನಿಜವಾಗಿಯೂ ನೆನಪಿಲ್ಲ. ಕೈ ನನ್ನದು.

ಎರಡು ನಿಮಿಷದ ತಮಾಷೆ ಅಂದುಕೊಂಡೆ. ಅಷ್ಟರಲ್ಲಿ ಶಿಳ್ಳೆ ಕೇಳಿಸಿತು, ಹೊಸ ಗಂಟುಗಳು ಬಂದವು, ಓಡಿದೆ. ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ. ನೆನಪಿತ್ತು. ಹೋಗಿ ತೆಗೆದರೆ ಹಾಕಿದವಳು ನಾನೇ ಎಂದು ನಿನಗೆ ಗೊತ್ತಾಗುತ್ತದಲ್ಲ ಎಂದು ಹೋಗಲಿಲ್ಲ. ಇಪ್ಪತ್ತು ನಿಮಿಷ. ಕೊನೆಗೆ ತೆಗೆದದ್ದು ಟ್ರಾಲಿ ತಳ್ಳುವ ಅಜ್ಜ. ನೀನು ಹೊರಗೆ ಬಂದಾಗ ಆ ಬಿಸಿಗೆ ನಿನ್ನ ಮುಖ ಕೆಂಪಾಗಿ ಊದಿತ್ತು. ನಾನು ದಿಂಬಿನ ಕವರು ಎಣಿಸುತ್ತಿದ್ದೆ. ತಲೆ ಎತ್ತಲಿಲ್ಲ.

ಮಾರನೆಯ ದಿನ ನೀನು ಬರಲಿಲ್ಲ. ಬೋರ್ಡಿನಿಂದ ನಿನ್ನ ಹೆಸರು ಅಳಿಸಿದರು. ಅವತ್ತು ಸಾಯಂಕಾಲ ಕೊನೆಯ ಹೆಸರು ನನ್ನದಾಗಿತ್ತು.

ಇದು ಬರೀ ಕ್ಷಮೆಯ ಕಾಗದ. ಸಲಹೆ ಕೇಳುತ್ತಿಲ್ಲ. ಉತ್ತರ ಬರೆಯದಿದ್ದರೂ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ದರ್ಜಿಯವರ ಕನ್ನಡಕಕ್ಕೆ ಹೊಸ ಕಡ್ಡಿ ಹಾಕಿಸಿದೆ.

ಚೂಟಿ

———

ಏಪ್ರಿಲ್ 24

ಚೂಟಿ,

ನನಗೆ ಅವತ್ತೇ ಗೊತ್ತಿತ್ತು. ಆ ಬಾಗಿಲಿನಲ್ಲಿ ಅಂಗೈಯಗಲ ಗಾಜು ಇತ್ತಲ್ಲ, ಅದರಲ್ಲಿ ನಿನ್ನ ಮುಖ ಕಂಡಿತ್ತು. ನೀನು ನಗುತ್ತಿರಲಿಲ್ಲ. ಅದೇ ನನಗೆ ಇಷ್ಟು ವರ್ಷ ಅರ್ಥವಾಗದೆ ಉಳಿದದ್ದು. ನಗುತ್ತಿದ್ದರೆ ನಿನ್ನನ್ನು ದ್ವೇಷಿಸುವುದು ಸುಲಭವಾಗುತ್ತಿತ್ತು.

ಮಗಳಿಗೆ ಜ್ವರ ಇತ್ತು ಎಂಬುದು ಈಗ ಗೊತ್ತಾಯಿತು. ಹನ್ನೆರಡು ವರ್ಷದ ಹಿಂದಿನ ಜ್ವರಕ್ಕೆ ಈಗ ಮರುಗಿದರೆ ಏನು ಬಂತು? ಆದರೂ ಮರುಗಿದೆ. ನಾವಿಬ್ಬರೂ ನಾಲ್ಕು ಹೆಜ್ಜೆ ದೂರದಲ್ಲಿ ದಿನಕ್ಕೆ ಎಂಟು ಗಂಟೆ ನಿಂತಿದ್ದೆವು. ಆ ಸದ್ದಿನಲ್ಲಿ ಬೈಗುಳ ಬಿಟ್ಟರೆ ಇನ್ನು ಯಾವ ಮಾತೂ ಒಬ್ಬರಿಂದ ಒಬ್ಬರಿಗೆ ದಾಟುತ್ತಿರಲಿಲ್ಲ.

ನಾನು ಯಾಕೆ ನಿಧಾನ ಎಂದು ನೀವು ಯಾರೂ ಕೇಳಲಿಲ್ಲ. ಆ ಮೇಜಿಗೆ ಹೋದ ಮೊದಲ ವಾರವೇ ಹೊದಿಕೆಯಲ್ಲಿ ಉಳಿದಿದ್ದ ಇಂಜೆಕ್ಷನ್ ಸೂಜಿ ಚುಚ್ಚಿತು. ಯಾರ ರಕ್ತವೋ, ಯಾವ ಕಾಯಿಲೆಯೋ! ಆರು ತಿಂಗಳು ರಕ್ತ ಪರೀಕ್ಷೆಗೆ ಅಲೆದೆ, ಮನೆಯವರಿಗೂ ಹೇಳದೆ. ದೇವರ ದಯೆ, ಏನೂ ಆಗಲಿಲ್ಲ. ಆಮೇಲೆ ಬಿಡಿಸಿ ನೋಡದೆ ಯಾವ ಗಂಟಿಗೂ ಕೈ ಹಾಕಲಿಲ್ಲ. ಎಷ್ಟು ಸೂಜಿ ಹಿಡಿದೆ ಎಂದು ಬರೆಯಲು ನಿಮ್ಮ ಬೋರ್ಡಿನಲ್ಲಿ ಜಾಗ ಇರಲಿಲ್ಲ.

ಇನ್ನೊಂದು ಮಾತು. ಇದನ್ನು ಬರೆಯದೆ ನಿನ್ನ ಕಾಗದಕ್ಕೆ ಉತ್ತರ ಬರೆಯುವ ಯೋಗ್ಯತೆ ನನಗಿಲ್ಲ. ನನಗಿಂತ ಮುಂಚೆ ಆ ಮೇಜಿನಲ್ಲಿ ಒಬ್ಬಳಿದ್ದಳು, ಮಾತು ತೊದಲುತ್ತಿದ್ದವಳು. ನೀನು ಆಗಿನ್ನೂ ಸೇರಿರಲಿಲ್ಲ. ಅವಳ ತೊದಲನ್ನು ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದವಳು ನಾನು. ಬಹಳ ಚೆನ್ನಾಗಿ ಅಣಕಿಸುತ್ತಿದ್ದೆ. ಅವಳು ಅತ್ತುಕೊಂಡು ಬಿಟ್ಟುಹೋದ ವಾರ ನನ್ನನ್ನು ಅವಳ ಜಾಗಕ್ಕೆ ಹಾಕಿದರು.

ಯಾರು ಕಲಿಸಿದರು ಎಂದು ಕೇಳಿದ್ದೆಯಲ್ಲ. ಹತ್ತು ಹೆಸರು ಬರೆದರೆ ಹತ್ತನೆಯದು ಇದ್ದೇ ಇರುತ್ತದೆ, ಚೂಟಿ. ಎಲ್ಲರೂ ಗಾಳಿಯ ಹಾಗೆ ಓಡಿದರೂ ಒಬ್ಬಳು ಕೊನೆಯವಳು. ಅವಳಿಂದಲೇ ತಮ್ಮ ಟೀ ತಪ್ಪಿತು ಎಂದು ಉಳಿದ ಒಂಬತ್ತು ಜನಕ್ಕೆ ದಿನಾ ತೋರಿಸಿಕೊಟ್ಟರೆ ಕೈಗವಸು ಬಚ್ಚಿಡಲು ಮೇಷ್ಟ್ರು ಬೇಕೇ? ಆ ಗಾಜಿನ ಕೋಣೆಯಲ್ಲಿ ಕೂತು ಒಂದು ವಾರ ಜನರನ್ನು ನೋಡುವುದು ಬಿಡು. ಲಾಂಡ್ರಿಯನ್ನು ನೋಡು. ಇದು ನೀನು ಕೇಳದ ಸಲಹೆ.

ನಾನು ಈಗ ಹಳೆಯ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವ ಕಡೆ ಕೆಲಸ ಮಾಡುತ್ತೇನೆ. ನಾನು ಮತ್ತು ಯಜಮಾನಿ, ಇಬ್ಬರೇ. ಮೊದಲ ತಿಂಗಳು ನಾನು ಬಾಗಿಲ ಹಿಂದೆ ನಿಂತುಕೊಂಡು ಗಬಗಬ ಊಟ ಮಾಡುತ್ತಿದ್ದೆನಂತೆ. 'ಯಾರು ಅಟ್ಟಿಸ್ಕೊಂಡು ಬರ್ತಿದ್ದಾರಮ್ಮ, ಕೂತ್ಕೊಂಡು ತಿನ್ನು' ಅಂದರು. ಇಲ್ಲೂ ನಾನು ನಿಧಾನವೇ. ಇಲ್ಲಿ ಅದಕ್ಕೆ 'ಅಚ್ಚುಕಟ್ಟು' ಅನ್ನುತ್ತಾರೆ.

ಕ್ಷಮೆ ಇನ್ನೂ ಪೂರ್ತಿ ಆಗಿಲ್ಲ. ಆಗುತ್ತಿರಬೇಕು, ಕಾಗದ ಇಷ್ಟು ಉದ್ದವಾಯಿತಲ್ಲ.

ಉದ್ದಕ್ಕ
(ಆಮೆಗಿಂತ ಮುಂಚೆ ನೀನು ಇಟ್ಟಿದ್ದ ಹೆಸರು)

———

ಮೇ 26

ಉದ್ದಕ್ಕಾ,

ನೀನು ಹೇಳಿದ ಹಾಗೆ ಒಂದು ವಾರ ನೋಡಿದೆ. ಇಷ್ಟು ವರ್ಷ ಒಳಗೇ ಇದ್ದೂ ಕಾಣದ್ದು ಕಂಡಿತು. ವಿಂಗಡಣೆ ಮೇಜಿನ ಮೇಲೆ ಒಂದೇ ಬಲ್ಬು, ಅದೂ ಮಿಣಮಿಣ. ಒಬ್ಬರೇ ಮಾಡುವ ಕೆಲಸಕ್ಕೆ ಉಳಿದ ಒಂಬತ್ತು ಜನ ಕಾಯಬೇಕು. ಕಾಯುವವರು ಕೈಕಟ್ಟಿ ಅವರನ್ನೇ ದುರುಗುಟ್ಟಿ ನೋಡುತ್ತಾ ನಿಲ್ಲಬೇಕು, ಬೇರೆ ಕಡೆ ತಿರುಗಲು ಜಾಗವೇ ಇಲ್ಲ. ಗಾಜಿನ ಕೋಣೆಯಿಂದ ಎಲ್ಲ ಕಾಣುತ್ತದೆ, ಏನೂ ಕೇಳಿಸುವುದಿಲ್ಲ. ನಗುವುದು ಕಂಡರೆ ಚೆನ್ನಾಗಿದ್ದಾರೆ ಅನ್ನಿಸುತ್ತದೆ. ಶಿಳ್ಳೆ ಸರ್‌ಗೂ ಹಾಗೇ ಅನ್ನಿಸಿತ್ತೋ ಏನೋ.

ಕನ್ನಡಕ ಅವಳದೇ ಕೆಲಸ ಎಂಬ ಗುಮಾನಿಯಿಂದ ಗುಡುಗಮ್ಮನನ್ನು ಒಳಗೆ ಕರೆದೆ. ಬಾಗಿಲು ಹಾಕಿ, ಮೆತ್ತಗೆ ಕೇಳಿದೆ, 'ಆ ಕನ್ನಡಕ ಯಾಕೆ ಹಾಕಿದೆ ಯಂತ್ರಕ್ಕೆ?'

'ಕನ್ನಡೀನಾ? ನಾನ್ಯಾಕೆ ಕನ್ನಡಿ ಹಾಕ್ಲಿ?' ಎಂದು ಗದರಿದಳು.

ತಪ್ಪಿಸಿಕೊಳ್ಳುತ್ತಿದ್ದಾಳೆ ಅಂದುಕೊಂಡೆ. ಇನ್ನೂ ಎರಡು ಪ್ರಶ್ನೆ ಕೇಳಿದೆ. ಎರಡಕ್ಕೂ ಎಲ್ಲಿಯದೋ ಉತ್ತರ. ಆಗ ಹೊಳೆಯಿತು, ಅವಳಿಗೆ ಕೇಳಿಸುತ್ತಿರಲಿಲ್ಲ. ಎಂಟು ವರ್ಷ ರೋಲರಿನ ಪಕ್ಕ ನಿಂತು ಬಲಗಿವಿ ಅರ್ಧ ಹೋಗಿದೆಯಂತೆ. ಯಾರಿಗೂ ಹೇಳಿಲ್ಲ. ಹೇಳಿದರೆ ಕೆಲಸದಿಂದ ತೆಗೆಯುತ್ತಾರೆ ಎಂಬ ಭಯ. ಎಡಗಿವಿಯ ಕಡೆ ಕುರ್ಚಿ ಎಳೆದುಕೊಂಡು ಕೂತು ಮತ್ತೆ ಕೇಳಿದೆ.

'ನನ್ನ ಹೆಸರು ಕೊನೇಲಿ ಬರಬಾರದು ಅಷ್ಟೇ ಮೇಡಂ' ಅಂದಳು. 'ಬೆಳಿಗ್ಗೆ ಮನೆ ಬಿಡುವಾಗ್ಲೇ ಆ ಬೋರ್ಡು ಕಣ್ಮುಂದೆ ಬರೋದು. ಆ ಮನುಷ್ಯ ಕೆಳಗಿದ್ರೆ ನನಗೆ ಉಸಿರು ಬರ್ತಿತ್ತು.'

ಅವಳನ್ನು ಬೈಯಲು ಕರೆದಿದ್ದೆ. ಬೈಯದೆ ಕಳಿಸಿದೆ. ಆ ಮಾತು ನನ್ನದೂ ಆಗಿತ್ತಲ್ಲ.

ಸೋಮವಾರ ಬೆಳಿಗ್ಗೆ ಎಲ್ಲರ ಎದುರಿಗೆ ಒದ್ದೆ ಬಟ್ಟೆ ತಗೊಂಡು ಬೋರ್ಡು ಒರೆಸಿದೆ. ಟೀ ವಿರಾಮ ಇನ್ನು ಮೇಲೆ ಗಡಿಯಾರದ್ದು, ಬಟ್ಟೆಯದ್ದಲ್ಲ ಎಂದೆ. ವಿಂಗಡಣೆಗೆ ಇಬ್ಬರು, ವಾರಕ್ಕೊಮ್ಮೆ ಸರದಿ. ಗುಡುಗಮ್ಮನಿಗೂ ಸರದಿ, ನನಗೂ. ಎರಡು ಟ್ಯೂಬ್‌ಲೈಟ್ ಹಾಕಿಸಿದೆ. ಒಣಗಿಸುವ ಕೋಣೆಯ ಚಿಲಕವನ್ನು ನಾನೇ ಸ್ಕ್ರೂ ಬಿಚ್ಚಿ ಕಿತ್ತೆ. ಅರ್ಧ ಗಂಟೆ ಹಿಡಿಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾವಾಗಲೂ ಬೋರ್ಡಿನಲ್ಲಿ ಮೊದಲ ಹೆಸರಾಗಿರುತ್ತಿದ್ದವನು ಮುನಿಸಿಕೊಂಡು ಬೇರೆ ವಿಭಾಗಕ್ಕೆ ವರ್ಗ ಕೇಳಿದ. ಬಟ್ಟೆಯ ಸಂಖ್ಯೆ ಬಿತ್ತು. ಆಡಳಿತಾಧಿಕಾರಿ ಮುಂದಿನ ತಿಂಗಳು ಮೇಲಿನ ಅವರ ಕಚೇರಿಗೆ ಬಂದು ವಿವರಣೆ ಕೊಡಬೇಕು ಎಂದು ಚೀಟಿ ಕಳಿಸಿದ್ದಾರೆ. ಭಯವಾಗುತ್ತಿದೆ. ನಾನೂ ಆ ಚೀಟಿಯನ್ನು ಕಣ್ಮುಂದೆ ಇಟ್ಟುಕೊಂಡೇ ಮನೆ ಬಿಡುತ್ತಿದ್ದೇನೆ.

ಚೂಟಿ

———

ಜೂನ್ 12

ಚೂಟಿ,

ಬೋರ್ಡು ಒರೆಸಿದ್ದನ್ನು ಓದಿ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಜೋರಾಗಿ 'ಹಾ!' ಅಂದೆ. ಮನೆಯವರು ಓಡಿ ಬಂದರು, ಕೈಸುಟ್ಟುಕೊಂಡೆ ಅಂದುಕೊಂಡು. ಆ ನೆಪದಲ್ಲಿ ಅವರಿಗೆ ಎಲ್ಲವನ್ನೂ ಹೇಳಿದೆ. ಸೂಜಿ, ಟವೆಲು, ಒಣಗಿಸುವ ಕೋಣೆ. ಇಷ್ಟು ವರ್ಷ 'ಬೆನ್ನು ನೋವು, ಅದಕ್ಕೇ ಬಿಟ್ಟೆ' ಎಂದು ಹೇಳಿದ್ದೆ. ಪಾಪ, ನನ್ನ ಬೆನ್ನಿಗೆ ಎಷ್ಟು ಎಣ್ಣೆ ತಿಕ್ಕಿದ್ದಾರೋ! ಅವರು ಎಲ್ಲ ಕೇಳಿ, 'ಹಾಗಾದ್ರೆ ಬೆನ್ನು ಚೆನ್ನಾಗಿದೆ?' ಅಂದರು. ಇಬ್ಬರೂ ನಕ್ಕೆವು. ಆಮೇಲೆ ಅವರು ನೀರು ಕುಡಿಯುವ ನೆಪ ಮಾಡಿ ಆ ಕಡೆ ತಿರುಗಿಕೊಂಡರು.

ಮೇಲೆ ಹೋಗುವಾಗ ಖಾಲಿ ಕೈಯಲ್ಲಿ ಹೋಗಬೇಡ. ಅವರ ಹತ್ತಿರ ಸಂಖ್ಯೆ ಇರುತ್ತದೆ. ನಿನ್ನ ಹತ್ತಿರ ಏನಿದೆ, ದರ್ಜಿಯವರನ್ನು ಕೇಳು.

ಉದ್ದಕ್ಕ

———

ಆಗಸ್ಟ್ 1

ಉದ್ದಕ್ಕಾ,

ಕೇಳಿದೆ. ದರ್ಜಿಯವರು ಮೇಜಿನ ಕೆಳಗಿನಿಂದ ಒಂದು ದಪ್ಪ ಪ್ಲಾಸ್ಟಿಕ್ ಡಬ್ಬಿ ತೆಗೆದು ಕೊಟ್ಟರು. 'ಎಸೆದ್ರೆ ಕಸ ಎತ್ತೋರಿಗೆ ಚುಚ್ಚುತ್ತೆ, ಯಾರಿಗೆ ಕೊಡಬೇಕೋ ಗೊತ್ತಾಗ್ಲಿಲ್ಲ ಅಮ್ಮಾ' ಅಂದರು. ಸೇರಿದ ದಿನದಿಂದ ಹೊದಿಕೆಗಳಲ್ಲಿ ಸಿಕ್ಕಿದ್ದು: ಅರವತ್ತೊಂದು ಸೂಜಿ, ಮೂರು ಬ್ಲೇಡು, ಒಂದು ಪುಟ್ಟ ಕತ್ತರಿ.

ಮೇಲೆ ಹೋದೆ. ಆಡಳಿತಾಧಿಕಾರಿ ಕಾಗದ ಮುಂದಿಟ್ಟುಕೊಂಡು, 'ನಿಮ್ಮ ವಿಭಾಗದಲ್ಲಿ ಜನ ನಿಧಾನ ಆಗಿದ್ದಾರಲ್ಲ?' ಅಂದರು. ನಾನು ಡಬ್ಬಿಯನ್ನು ಅವರ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದೆ. ಮನುಷ್ಯ ಕುರ್ಚಿ ಸಮೇತ ಹಿಂದಕ್ಕೆ ಸರಿದರು.

'ಮುಟ್ಟಬೇಡಿ ಸರ್' ಎಂದೆ. 'ಇವೆಲ್ಲ ನಿಮ್ಮ ವಾರ್ಡುಗಳಿಂದ ಬಂದಿದ್ದು. ವೇಗವಾಗಿ ಮಾಡ್ತಿದ್ದಾಗ ಇವು ಎಲ್ಲಿ ಹೋಗ್ತಿದ್ವು ಅಂತ ನಾನೂ ಯೋಚನೆ ಮಾಡ್ತಿದ್ದೀನಿ. ರೋಗಿಗಳ ಹಾಸಿಗೆಗೇ ವಾಪಸ್ ಹೋಗ್ತಿದ್ವೋ ಏನೋ.'

ನಾನು ನಿನ್ನ ವಿಷಯವನ್ನೂ ಹೇಳಿದೆ. ಸೂಜಿ ಚುಚ್ಚಿಸಿಕೊಂಡು ಬಾಯಿ ಮುಚ್ಚಿಕೊಂಡಿದ್ದವಳನ್ನು ನಾವೇ ಓಡಿಸಿದೆವು ಎಂದೆ. ನಾವೇ ಎಂಬ ಪದ ಬಿಡಲಿಲ್ಲ.

ಎಲ್ಲ ಹೂವಿನ ಹಾಗೆ ಆಯಿತು ಎಂದುಕೊಳ್ಳಬೇಡ. ಎರಡು ತಿಂಗಳು ನೋಡೋಣ ಅಂದಿದ್ದಾರೆ. ಆದರೆ ವಾರ್ಡುಗಳಿಗೆಲ್ಲ ಖಾರವಾದ ಸುತ್ತೋಲೆ ಹೋಯಿತು. ನಮಗೆ ಸೂಜಿ ತೂರದ ದಪ್ಪ ಕೈಗವಸು ಬಂತು. ಗುಡುಗಮ್ಮನ ಕಿವಿ ಪರೀಕ್ಷೆ ಮಾಡಿಸಿದರು, ಅವಳನ್ನು ರೋಲರಿನಿಂದ ಮಡಿಸುವ ಮೇಜಿಗೆ ಬದಲಾಯಿಸಿದೆ. ಸಂಖ್ಯೆ ಮೆಲ್ಲಗೆ ಮೇಲೆ ಏರುತ್ತಿದೆ. ಕಾಯುತ್ತಾ ನಿಲ್ಲುವವರು ಇಲ್ಲದ್ದಕ್ಕೋ, ತಪ್ಪಾಗಿ ವಿಂಗಡಿಸಿದ್ದನ್ನು ಮತ್ತೆ ತೊಳೆಯುವುದು ಕಡಿಮೆಯಾದದ್ದಕ್ಕೋ, ಯಾವುದಕ್ಕೆ ಎಂದು ನನಗೂ ಗೊತ್ತಿಲ್ಲ.

ಗುಡುಗಮ್ಮ ದರ್ಜಿಯವರಿಗೆ ತಪ್ಪಾಯಿತು ಎಂದು ಇವತ್ತಿನವರೆಗೂ ಹೇಳಿಲ್ಲ. ಹೇಳುವ ಜಾತಿಯವಳೂ ಅಲ್ಲ. ಆದರೆ ಅವಳ ಸರದಿ ಬಂದ ವಾರ ಇಬ್ಬರೂ ಒಂದೇ ಮೇಜಿನಲ್ಲಿದ್ದರು. ಮೂರನೆಯ ದಿನ ಅವಳ ಕಣ್ಣಿಗೆ ಒಂದು ಸೂಜಿ ಬಿತ್ತು. ಎತ್ತಿ ಹಿಡಿದು ಇಡೀ ಲಾಂಡ್ರಿ ಅದುರುವ ಹಾಗೆ 'ಅಣ್ಣಾ, ಸಿಕ್ತು ನೋಡಿ!' ಎಂದು ಕೂಗಿದಳು. ಅಣ್ಣಾ! ದರ್ಜಿಯವರು ಕನ್ನಡಕ ಸರಿಮಾಡಿಕೊಂಡು ನೋಡಿ, 'ಒಳ್ಳೆ ಕಣ್ಣು ನಿಮ್ಮದು' ಅಂದರು. ಅವಳು ಅವತ್ತೆಲ್ಲ ಶಾಲೆಯಲ್ಲಿ ಬಹುಮಾನ ಬಂದ ಮಗುವಿನ ಹಾಗೆ ಓಡಾಡಿದಳು.

ನೀನು ಒಂದು ಸಲ ಬರಬೇಕು. ಬಲವಂತವಿಲ್ಲ. ಗೇಟಿನವರೆಗೆ ಬಂದು ವಾಪಸ್ ಹೋದರೂ ಸರಿ.

ಚೂಟಿ

———

ಆಗಸ್ಟ್ 20

ಚೂಟಿ,

ಮುಂದಿನ ಶನಿವಾರ ಮಧ್ಯಾಹ್ನ. ಮನೆಯವರು ಗೇಟಿನ ಹೊರಗೆ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತೇನೆ ಅಂದಿದ್ದಾರೆ. ನಾನು ಬೇಡ ಅನ್ನಲಿಲ್ಲ.

ತೊದಲುತ್ತಿದ್ದವಳ ವಿಳಾಸ ಹುಡುಕಿಸುತ್ತಿದ್ದೇನೆ. ಸಿಕ್ಕರೆ ಅವಳಿಗೂ ಒಂದು ಕಾಗದ ಬರೆಯುವುದಿದೆ. ಏನೆಂದು ಶುರು ಮಾಡುವುದು ಎಂದು ನಿನ್ನನ್ನು ಕೇಳಬೇಕು.

ಉದ್ದಕ್ಕ

———

ಆಗಸ್ಟ್ 31

ಉದ್ದಕ್ಕಾ,

ನೀನು ಹೋದ ಮೇಲೆ ನಡೆದದ್ದನ್ನು ಬರೆಯಬೇಕು.

ನೀನು ಗೇಟಿನ ಹತ್ತಿರ ಹತ್ತು ನಿಮಿಷ ನಿಂತದ್ದನ್ನು ನಾನು ನೋಡುತ್ತಿದ್ದೆ. ಕರೆಯಲು ಬರಬೇಕೋ ಬೇಡವೋ ತಿಳಿಯಲಿಲ್ಲ. ನೀನಾಗಿಯೇ ಒಳಗೆ ಬಂದೆ. ಒಣಗಿಸುವ ಕೋಣೆಯ ಕಡೆ ನೀನೂ ನೋಡಲಿಲ್ಲ, ನಾನೂ ತೋರಿಸಲಿಲ್ಲ. ನೀನು ನೆಟ್ಟಗೆ ಹಳೆಯ ಮೇಜಿಗೆ ಹೋಗಿ, ಯಾರನ್ನೂ ಕೇಳದೆ ಕೈಗವಸು ಹಾಕಿಕೊಂಡು, ಒಂದು ಗಂಟು ಬಿಚ್ಚಿದೆ. ಹೊದಿಕೆಯನ್ನು ಮೂಲೆಯಿಂದ ಬಿಡಿಸಬೇಕು ಎಂದು ನೀನು, ಅಂಚಿನಿಂದ ಬಿಡಿಸಬೇಕು ಎಂದು ದರ್ಜಿಯವರು. ಇಬ್ಬರು ನಿಧಾನಸ್ಥರು ಸೇರಿ ಒಂದು ಹೊದಿಕೆಗೆ ಕಾಲು ಗಂಟೆ ವಾದ ಮಾಡಿದಿರಿ. ಇಬ್ಬರಲ್ಲಿ ಒಬ್ಬರೂ ಸೋಲಲಿಲ್ಲ. ಯಾರೂ ಗಡಿಯಾರ ನೋಡಲಿಲ್ಲ.

ಹೊರಡುವಾಗ ನೀನು ನನ್ನ ಭುಜದ ಮೇಲೆ ಕೈಯಿಟ್ಟು, 'ಸರಿ, ಬರ್ತೀನಿ ಕಣೇ' ಅಂದೆ. ಅಷ್ಟೇ. ಬೇರೆ ಏನಾದರೂ ಹೇಳುತ್ತೀಯೇನೋ ಎಂದು ಕಾದಿದ್ದೆ. ನೀನು ಗೇಟು ದಾಟಿದ ಮೇಲೆ ಗೊತ್ತಾಯಿತು, ಹೇಳಬೇಕಾದ್ದನ್ನು ಹೇಳಿಯೇ ಹೋಗಿದ್ದೆ.

ಗುಡುಗಮ್ಮ ಮಡಿಸುವ ಮೇಜಿನಿಂದ ಕೂಗಿ ಕೇಳಿದಳು, 'ಯಾರು ಮೇಡಂ ಅವರು? ಹೊಸದಾಗಿ ಸೇರ್ತಾರಾ?'

'ಇಲ್ಲ. ನನ್ನ ಗೆಳತಿ' ಎಂದೆ.

'ಏನು?' ಎಂದು ಕಿವಿಗೆ ಕೈ ಹಿಡಿದಳು.

ರೋಲರ್ ಓಡುತ್ತಿತ್ತು, ಮೂರು ಯಂತ್ರ ತಿರುಗುತ್ತಿದ್ದವು. ನಾನು ಗಾಜಿನ ಕೋಣೆಯ ಬಾಗಿಲಲ್ಲಿ ನಿಂತು ಗಂಟಲು ಹರಿಯುವ ಹಾಗೆ ಕೂಗಿದೆ, 'ನನ್ನ ಗೆಳತಿ ಅಂದೆ!'

ಎಲ್ಲರೂ ತಿರುಗಿ ನೋಡಿದರು. ನೋಡಲಿ.

ನಿನ್ನ,
ಚೂಟಿ